ಕೊರಿಯನ್ ಪಟ್ಟಿಯಲ್ಲಿ ಮೀರಾ

ಭಾಲ್ಕಿ,
೧೯ ಏಪ್ರಿಲ್ ೨೦೧೬

ಠಾಣಾ ಕುಶನೂರಿನ ಮೂರೆಕರೆ ಒಣತೊಗರಿಯ ಮಹಾರಾಣಿಯೂ, ಕನ್ನಡ, ಮರಾಠಿ, ಕೊರಿಯನ್ ಎಂಬ ತ್ರಿಭಾಷೆಗಳ ಮಹಾಪಂಡಿತೆಯೂ, ಸದ್ಯ ಹೈದರಾಬಾದಿನಲ್ಲಿ ಅರ್ಧ ಕಟ್ಟಿದ ಒಂಬತ್ತನೆಯ ಅಂತಸ್ತಿನ ಮೇಲೆ ವಿರಾಜಮಾನಳೂ ಆದ ಶ್ರೀ ಶ್ರೀ ಮೀರಾಬಾಯಿ ಅಕ್ಕನ ಸನ್ನಿಧಾನಕ್ಕೆ ತಮ್ಮ ಮಾಣಿಕನ ಜೈಭೀಮ.

ಹ್ಯಾಂಗಿದ್ದಿ, ಅಕ್ಕಾ? ಸಿಮೆಂಟಿಗೆ ಬಿರಿದ ಅಂಗೈ ಮಾಯಿತೇ? ಅಪ್ಪನ ಕೆಮ್ಮು? ಇಲ್ಲಿ ಆಯಿ ಗಟ್ಟಿಯಾಗಿದ್ದಾಳೆ. ಟ್ಯಾಂಕರ್ ಬಂದಾಗ ಕೊಡವನ್ನಷ್ಟೇ ಸಾಲಿನಲ್ಲಿ ನಿಲ್ಲಿಸಿ, ತಾನು ಬೇವಿನ ನೆರಳಲ್ಲಿ ಕೂತು ಊರನ್ನೆಲ್ಲ ಬೈಯುತ್ತಾಳೆ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಪತ್ರ. ಬೀದರಿನ ವಿಹಾರಕ್ಕೆ ಬಂದಿದ್ದ ಕೊರಿಯಾದ ಭಿಕ್ಖುಣಿಯಿಂದ ನೀನು ಎರಡು ವರ್ಷ ಅವರ ಭಾಷೆ ಕಲಿತೆ. ನನಗೂ ನಮ್ಮಿಬ್ಬರ ಹೆಸರಿನಷ್ಟು ಅಕ್ಷರ ಕಲಿಸಿದೆ. ಆಮೇಲೆ ನೀನು ಪುಣೆಯ ಕೊರಿಯನ್ ಕಾರ್ಖಾನೆಯೊಂದಕ್ಕೆ ದುಭಾಷಿ ಕೆಲಸದ ಅರ್ಜಿ ಹಾಕಿದೆ. ಫೆಬ್ರುವರಿಯಲ್ಲಿ ಆಯ್ಕೆಯಾದವರ ಪಟ್ಟಿ ನಾನು ದುಡಿಯುವ ಡಿಟಿಪಿ ಅಂಗಡಿಯ ಇಮೇಲಿಗೆ ಬಂತು. ಎಪ್ಪತ್ತು ಹೆಸರು, ಎಲ್ಲವೂ ಕೊರಿಯನ್ ಲಿಪಿಯಲ್ಲಿ. ಎಂಟು ದಿನದೊಳಗೆ ಒಪ್ಪಿಗೆ ಕಳಿಸಬೇಕಿತ್ತು. ಡಿಟಿಪಿಯವರು ಪಟ್ಟಿ ಓದುವುದಿಲ್ಲ, ಹೆಸರು ಒತ್ತಿ ಹುಡುಕುತ್ತಾರೆ. ಮತದಾರರ ಪಟ್ಟಿಯಿರಲಿ, ಪರೀಕ್ಷೆಯ ಫಲಿತಾಂಶವಿರಲಿ. ನಾನೂ ನೀನು ಕಲಿಸಿದ ಅಕ್ಷರದಲ್ಲಿ ‘ಮೀರಾ’, 미라, ಎಂದು ಒತ್ತಿದೆ. ಇಲ್ಲ ಎಂದಿತು. ಫೋನ್ ಮಾಡಿದೆ. “ಇನ್ನೊಮ್ಮಿ ನೋಡೋ ಮಾಣಿಕಾ, ನಿನ್ನ ಕಾಲಿಗಿ ಬೀಳ್ತೇನಿ” ಅಂದಿ. ಮತ್ತೆ ಒತ್ತಿದೆ. ಮತ್ತೆ ಇಲ್ಲ. ಅಂದೇ ಮಧ್ಯಾಹ್ನ ನೀನು ಅಪ್ಪನ ಜೊತೆ ಔರಾದದಲ್ಲಿ ಹೈದರಾಬಾದಿನ ಬಸ್ ಹತ್ತಿಬಿಟ್ಟೆ.

ಈಗ ಮಹಾಪಂಡಿತೆಗೆ ಪಾಮರನ ಶಾಸ್ತ್ರಬೋಧೆ. ಕಂಪ್ಯೂಟರಿಗೆ ಅಕ್ಷರ ಕಾಣುವುದಿಲ್ಲ, ಅಂಕಿ ಕಾಣುತ್ತದೆ. ಕೊರಿಯನ್ನಿನ ‘ಮಿ’ಯನ್ನು ಅದರೊಳಗೆ ಎರಡು ರೀತಿ ಇಡಬಹುದು. ಇಡೀ ‘ಮಿ’ಗೆ ಒಂದೇ ಅಂಕಿ, ಇಂಥ ಸಿದ್ಧ ಅಕ್ಷರಗಳು ಹನ್ನೊಂದು ಸಾವಿರದ ನೂರಾ ಎಪ್ಪತ್ತೆರಡು ಇವೆ. ಇಲ್ಲವೇ ‘ಮ್’ಗೊಂದು, ‘ಇ’ಗೊಂದು ಬಿಡಿ ಅಂಕಿ. ಪರದೆಯ ಮೇಲೆ ಎರಡೂ ಒಂದೇ ರೂಪ. ನಾನು ಒತ್ತಿದ ನಿನ್ನ ಹೆಸರು ಎರಡು ಅಂಕಿಯದು. ಕಾರ್ಖಾನೆಯವರು ಅರ್ಜಿಯ ಫೈಲುಗಳ ಹೆಸರಿನಿಂದಲೇ ಪಟ್ಟಿ ಮಾಡಿದ್ದರಂತೆ. ಕೆಲವು ಕಂಪ್ಯೂಟರುಗಳು ಫೈಲಿನ ಹೆಸರನ್ನು ಬಿಡಿಸಿ ಇಡುತ್ತವೆ. ಅಲ್ಲಿ ನೀನು ನಾಲ್ಕು ಅಂಕಿಯಾಗಿದ್ದೆ. ಎರಡೂ ಒಂದೇ ಮೀರಾ ಎಂದು ತಿಳಿಯುವಷ್ಟು ಬುದ್ಧಿ ನಮ್ಮ ಹಳೆಯ ತಂತ್ರಾಂಶಕ್ಕೆ ಇರಲಿಲ್ಲ.

ಹೌದು ಅಕ್ಕಾ, ನಿನ್ನ ಹೆಸರಿತ್ತು. ಏಳನೆಯ ಸಾಲು.

ಕಾರ್ಖಾನೆಗೆ ಬರೆದೆ. ಆ ಜಾಗ ತುಂಬಿದೆಯಂತೆ. ಅಂಗಡಿಯ ಮಾಲೀಕ ಮುನೀರೋದ್ದೀನ ಚಾಚಾ ನನ್ನ ಅಂಕಿಶಾಸ್ತ್ರವನ್ನೆಲ್ಲ ಕೇಳಿ, “ಮಷೀನಿಗಿ ಅಕಲ್ ಇಲ್ಲ ಖರೆ, ನಿನಗ ಕಣ್ಣ ಇದ್ದಿಲ್ಲೇನೋ?” ಅಂದರು. ನಾನು ತಲೆ ತಗ್ಗಿಸಿ ಲಗ್ನಪತ್ರಿಕೆಯೊಂದನ್ನು ತಿದ್ದುತ್ತ ಕೂತೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮೇಲೆ ಬುದ್ಧನ ಕರುಣೆ ಇರಲಿ, ನನ್ನ ಮೇಲೆ ನಿನ್ನದಿರಲಿ.

ನಿನ್ನ ತಮ್ಮ,
ಮಾಣಿಕ

ತಾ.ಕ.: ಟಪಾಲಿನವನು ಚೀಲ ಕಟ್ಟುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ಅಂಕಿಯ ಮಾತು ಸುಳ್ಳಲ್ಲ. ಆದರೆ ಅದನ್ನು ಕಲಿತದ್ದು ಹೋದ ವಾರ. ಏಳನೆಯ ಸಾಲನ್ನು ಕಣ್ಣಾರೆ ಕಂಡದ್ದು ಅಂದೇ, ನಿನಗೆ ಫೋನ್ ಮಾಡುವ ಮೊದಲೇ. ನಿನ್ನನ್ನು ಒಂದಿಷ್ಟು ಅಳಿಸಿ, ಸಂಜೆ ನಿಜ ಹೇಳಿ ನಗಿಸೋಣ ಎಂದುಕೊಂಡಿದ್ದೆ. ಸಂಜೆಗೆ ನೀನಿರಲಿಲ್ಲ. ಆಮೇಲೆ ಎಂಟು ದಿನವೂ ಹೇಳಲು ಹೆದರಿದೆ.