ಪಕ್ಕದ ಬೀದಿಯ ಪತ್ರಿಕೆಗೆ ಕೊಡಿ

ವಾರ್ತಾ ಇಲಾಖೆಯ ಅಧಿಕಾರಿಗಳಿಗೆ ನಮಸ್ಕಾರ.

ಸರ್ಕಾರದ ನೆರವು ಊರಿಗೆ ಒಂದೇ ಪತ್ರಿಕೆಗೆಂದೂ ಅದಕ್ಕೆ ನಮ್ಮ ಪತ್ರಿಕೆ ಆಯ್ಕೆಯಾಗಿದೆಯೆಂದೂ ತಿಳಿಸಿದ್ದೀರಿ. ಉಪಕಾರವಾಯಿತು. ದಯವಿಟ್ಟು ಅದನ್ನು ಪಕ್ಕದ ಬೀದಿಯ ಪತ್ರಿಕೆಗೆ ಕೊಡಿ. ಅವರೂ ಅರ್ಜಿ ಹಾಕಿದ್ದಾರೆ.

ಅದರ ಸಂಪಾದಕರಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧವೆಂದು ಊರಿಗೆಲ್ಲ ಗೊತ್ತು. ಆದರೆ ಹೋದ ತಿಂಗಳು ನಮ್ಮ ಮುದ್ರಣ ಯಂತ್ರ ಕೆಟ್ಟು ಕೂತಾಗ ಅವರೇ ಬಾಗಿಲಿಗೆ ಬಂದರು. "ಏನ್ರೀ, ನಿಮ್ಮ ಪೇಪರ್ ಬರ್ಲಿಲ್ಲ ಅಂದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಕೊಡಿ ಇಲ್ಲಿ ಪುಟಗಳನ್ನ" ಎಂದರು. ಆ ಪುಟಗಳಲ್ಲಿ ಅವರನ್ನೇ ಬೈದು ನಾನು ಬರೆದ ಲೇಖನವಿತ್ತು. ನಿಂತುಕೊಂಡೇ ಓದಿದರು. ಒಂದು ಕಾಗುಣಿತದ ತಪ್ಪು ತಿದ್ದಿ, ತಮ್ಮ ಯಂತ್ರದಲ್ಲೇ ಅಚ್ಚು ಹಾಕಿಸಿ ಕಳಿಸಿದರು.

ನನಗೆ ಸಾಕಾಗಿದೆ, ಸ್ವಾಮಿ. ಹೊಸ ಯಂತ್ರ ಬಂದರೂ ಮತ್ತೆ ಕಚೇರಿಗಳ ಮೆಟ್ಟಿಲು ಹತ್ತಿ ಸುದ್ದಿ ತರುವ ಕಸುವು ಮೊಣಕಾಲಿಗೂ ಇಲ್ಲ, ಮನಸ್ಸಿಗೂ ಇಲ್ಲ. "ಇನ್ನಾದ್ರೂ ಬಿಸಿ ಆರೋ ಮುಂಚೆ ಊಟ ಮಾಡಿ" ಅಂತಾಳೆ ಹೆಂಡತಿ. ಪಕ್ಕದ ಬೀದಿಯ ಸಂಪಾದಕರಿಗೆ ಇನ್ನೂ ಹುರುಪಿದೆ. ಆದರೆ ನೆರವಿಲ್ಲದೆ ಈ ವರ್ಷ ದಾಟುವುದು ಅವರಿಗೂ ಕಷ್ಟ.

ಒಂದು ಕೋರಿಕೆ. ನಾನು ಬಿಟ್ಟುಕೊಟ್ಟೆನೆಂದು ಅವರಿಗೆ ಹೇಳಬೇಡಿ. ಗೊತ್ತಾದರೆ ಅವರು ಆ ನೆರವನ್ನು ಕೈಯಲ್ಲೂ ಮುಟ್ಟುವುದಿಲ್ಲ. ನನ್ನ ಅರ್ಜಿಯಲ್ಲಿ ಏನೋ ಕೊರತೆಯಿತ್ತು ಎಂದುಬಿಡಿ. ಅದನ್ನು ಮುಖಪುಟದಲ್ಲಿ ಹಾಕಿ ನಕ್ಕರೂ ನಗಲಿ. ನಮ್ಮ ಪತ್ರಿಕೆ ನಿಂತಿತೆಂಬ ಸುದ್ದಿ ಹಾಕುವುದಕ್ಕಾದರೂ ಊರಿನಲ್ಲಿ ಒಂದು ಪತ್ರಿಕೆ ಇರಬೇಕಲ್ಲ.

ಇತಿ ತಮ್ಮ ವಿಶ್ವಾಸಿ,
ಈ ಶನಿವಾರದವರೆಗೆ ಸಂಪಾದಕ