ಡಿಕ್ಕಿಯ ಮೇಲಿನ ಕಮಲ

ಹೇರೋಹಳ್ಳಿ
ಬುಧವಾರ, 12 ನವೆಂಬರ್ 2025

ಅಮ್ಮಾ,

ಕೈಯಲ್ಲಿರುವ ಕತ್ತರಿ ಕೆಳಗಿಡು. ಯಾರದಾದರೂ ರವಿಕೆ ಅರ್ಧಕ್ಕೆ ನಿಂತಿದ್ದರೆ ನಿಲ್ಲಲಿ. ಇದನ್ನು ಪೂರ್ತಿ ಓದಿದ ಮೇಲೆ ಹೊಲಿ.

ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ತಾತನ ಹೆಸರು ಬಂದ ಕೂಡಲೇ ನೀನು ಸ್ಟವ್ ಮೇಲೆ ಹಾಲಿದೆ ಎಂದು ಕಟ್ ಮಾಡುತ್ತೀಯ. ನನಗೆ ಬುದ್ಧಿ ಬಂದಾಗಿನಿಂದ ಆ ಹಾಲು ಉಕ್ಕುತ್ತಲೇ ಇದೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ. ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಅಂಗಡಿಗೆ ಕಳಿಸಿದ್ದಕ್ಕೂ ಒಂದು ಕಾರಣವಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಶುಕ್ರವಾರ ಸ್ವೆಟರ್ ತೆಗೆದುಕೊಂಡು ಹೋಗಲು ಬಂದೆ ಎಂದೆನಲ್ಲ, ಅದು ಸುಳ್ಳು. ನೀನು ಕಾಫಿ ಮಾಡುತ್ತಿದ್ದಾಗ ಬೀರುವಿನ ಕೀಲಿಗೊಂಚಲಿನಿಂದ ಒಂದು ಕೀಲಿ ಬಿಚ್ಚಿಕೊಂಡೆ. ಯಾವ ಬೀಗಕ್ಕೂ ಸೇರದ ಆ ಸಣ್ಣ ಹಿತ್ತಾಳೆ ಕೀಲಿ. ಚಿಕ್ಕವಳಿದ್ದಾಗ ಇದು ಯಾವುದರದ್ದು ಎಂದು ಕೇಳಿದರೆ ನೀನು ಸುಮ್ಮನಿರು ಎನ್ನುತ್ತಿದ್ದೆ. ಈ ಲಕೋಟೆಯಲ್ಲಿ ಅದನ್ನು ವಾಪಸ್ ಇಟ್ಟಿದ್ದೇನೆ. ಈಗ ಅದು ಯಾವುದರದ್ದು ಎಂದು ನನಗೆ ಗೊತ್ತು.

ಇನ್ನು ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಹೋದ ಭಾನುವಾರದ ಹಿಂದಿನ ಭಾನುವಾರ ಬಸವೇಶ್ವರನಗರದ ಒಂದು ಮೈದಾನದಲ್ಲಿ ಹಳೇ ಕಾರುಗಳ ಪ್ರದರ್ಶನವಿತ್ತು. ಕಾರುಗಳಿಗೆ ಬಣ್ಣ ಹೊಡೆಯುವ ನಮ್ಮ ಶೆಡ್ಡಿನ ಯಜಮಾನರು ರೇವಣಸಿದ್ದಯ್ಯ ಸಾರ್ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಲವತ್ತು ಕಾರು ಬಂದಿದ್ದವು. ಒಬ್ಬೊಬ್ಬ ಮಾಲೀಕರೂ ಒಂದು ಕೈಯಲ್ಲಿ ಪಂಚೆಯ ತುಂಡು ಹಿಡಿದುಕೊಂಡು, ಯಾರಾದರೂ ಬಾನೆಟ್ ಮುಟ್ಟಿದರೆ ಹಿಂದೆಯೇ ಹೋಗಿ ಒರೆಸುತ್ತಿದ್ದರು. ಅವರಲ್ಲಿ ಮಲ್ಲತ್ತಹಳ್ಳಿಯ ಬಸವಕುಮಾರ್ ಎನ್ನುವವರು ಒಬ್ಬರು. ಕೆರೆ ಪಕ್ಕ ಜಮೀನಿದ್ದ ಮನೆತನ, ಈಗ ಬಾಡಿಗೆ ಮನೆಗಳಿವೆ. ಅವರದು ಎಪ್ಪತ್ತಾರನೇ ಇಸವಿಯ ಫಿಯೆಟ್, ಮರೂನ್ ಬಣ್ಣ. ನೋಡಲು ಬಂದವರಿಗೆಲ್ಲ ಒಂದೇ ಮಾತು.

"ನಮ್ಮ ತಂದೆ ದೊಡ್ಡಹನುಮಯ್ಯನವರು ಷೋರೂಮಿಂದ ನೇರ ಮನೆಗೆ ತಂದಿದ್ದು ಸಾರ್. ಬೇರೆಯವರ ಕೈ ಬಿದ್ದಿಲ್ಲ."

ಯಾರೋ ಡಿಕ್ಕಿ ತೆಗೆಯಿರಿ ಎಂದರು. ಅವರು ನಕ್ಕು ಮುಷ್ಟಿಯಿಂದ ಒಂದು ಗುದ್ದು ಗುದ್ದಿದರು, ಡಿಕ್ಕಿ ತೆರೆದುಕೊಂಡಿತು. "ಇದರ ಕೀಲಿ ಮೊದಲಿಂದಾನೂ ಇಲ್ಲ. ನಮ್ಮ ಮನೇಲಿ ಇದಕ್ಕೆ ಗುದ್ದೇ ಕೀಲಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಹುಮಾನ ಕೊಡುವವರು ಬಂದು ಪ್ರತಿ ಕಾರಿನ ಮೈಮೇಲೂ ಒಂದು ಪುಟ್ಟ ಅಯಸ್ಕಾಂತ ಇಟ್ಟು ನೋಡಿದರು. ತಗಡಿದ್ದರೆ ಅದು ಅಂಟುತ್ತದೆ, ಕೆಳಗೆ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಮರೂನ್ ಫಿಯೆಟ್ಟಿನ ಬಾಗಿಲು, ಬಾನೆಟ್, ಮಡ್‌ಗಾರ್ಡ್, ಎಲ್ಲ ಕಡೆ ಅಂಟಿತು. ಡಿಕ್ಕಿಯ ನಡುವೆ ಮೂರು ಸಲ ಇಟ್ಟರು, ಮೂರು ಸಲವೂ ಬಿತ್ತು.

"ಏನ್ ಬಸವಕುಮಾರ್, ಹಿಂದಿಂದ ಯಾರೋ ಗುಮ್ಮಿದ್ದಾರೆ" ಎಂದು ಪಕ್ಕದ ಕಾರಿನವರು ರೇಗಿಸಿದರು. ಅವರ ಮುಖ ಕಪ್ಪಾಯಿತು. ಮಾರನೇ ದಿನವೇ ಕಾರು ನಮ್ಮ ಶೆಡ್ಡಿಗೆ ಬಂತು. "ಎಲ್ಲಾ ಕೆರೆದುಹಾಕಿ ಯಜಮಾನರೇ. ಬರೀ ತಗಡು ಕಾಣ್ಬೇಕು. ಮುಂದಿನ ಷೋನಲ್ಲಿ ಅಯಸ್ಕಾಂತ ಕಿತ್ರೂ ಬರಬಾರದು" ಎಂದರು.

ಡಿಕ್ಕಿ ಕೆಲಸ ನನಗೆ ಬಂತು. ನೀನು ಇದನ್ನು ಕೆಲಸವೇ ಅಲ್ಲ ಎನ್ನುತ್ತೀಯ, ನನಗೆ ಗೊತ್ತು. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳಿಗೆ ಇನ್ನೇನು ಸಿಗುತ್ತದೆ ಎಂದು ಶುಭಾ ಆಂಟಿಯ ಹತ್ತಿರ ಹೇಳಿದ್ದೂ ಗೊತ್ತು. ನನಗೆ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ ಅಮ್ಮಾ. ಇಲ್ಲಿ ಉಜ್ಜುವ ಕಾಗದ ಹಿಡಿದರೆ ಮೂರು ಗಂಟೆ ಅಲುಗಾಡುವುದಿಲ್ಲ.

ಮೇಲೆ ಮರೂನ್. ಅದರ ಕೆಳಗೆ ಇನ್ನೊಂದು ಹಳೇ ಮರೂನ್. ಅದರ ಕೆಳಗೆ ಬೂದು ಬಣ್ಣದ ಪುಟ್ಟಿ, ಚಪಾತಿಯಷ್ಟು ದಪ್ಪ. ತಗ್ಗು ಇರುವ ಕಡೆ ಪುಟ್ಟಿ ಮೆತ್ತುತ್ತಾರೆ. ಇಲ್ಲಿ ಬೆರಳಾಡಿಸಿದರೆ ತಗ್ಗೇ ಇಲ್ಲ. ಅಂಚಿಗೆ ಚಾಕು ಹಾಕಿದೆ. ಪುಟ್ಟಿ ಹಿಡಿಯಬೇಕಾದರೆ ಕೆಳಗಿನ ಬಣ್ಣವನ್ನು ಮೊದಲು ಒರಟಾಗಿ ಉಜ್ಜಬೇಕು. ಮೆತ್ತಿದವನು ಉಜ್ಜಿರಲಿಲ್ಲ. ಹಾಗಾಗಿ ಅದು ಹಪ್ಪಳದ ಹಾಗೆ ಒಂದೇ ತುಂಡಾಗಿ ಎದ್ದುಬಂತು.

ಕೆಳಗೆ ಕಪ್ಪು ಬಣ್ಣ, ಹೊಸದರ ಹಾಗೆ ಹೊಳೆಯುತ್ತಿತ್ತು. ಕಪ್ಪಿನ ಮೇಲೆ ಒಂದು ಕಮಲ. ಕಮಲದ ಕೆಳಗೆ ಹಳದಿ ಅಕ್ಷರದಲ್ಲಿ ನಿನ್ನ ಹೆಸರು.

ವರಲಕ್ಷ್ಮಿ.

ಪ್ರಪಂಚದಲ್ಲಿ ಎಷ್ಟೋ ವರಲಕ್ಷ್ಮಿಯರಿದ್ದಾರೆ ಎಂದುಕೊಂಡೆ. ಆದರೆ ಹೆಸರಿನ ಕೆಳಗೆ ಸಣ್ಣದಾಗಿ "ರಾಜಾಜಿನಗರ ಟ್ಯಾಕ್ಸಿ ಸ್ಟ್ಯಾಂಡ್, ನಾರಾಯಣಪ್ಪ" ಎಂದೂ ಇತ್ತು. ನಾನು ನೀರಿನ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಎದ್ದು ಮತ್ತೆ ಓದಿದೆ. ಮತ್ತೆ ಕೂತೆ.

ರೇವಣಸಿದ್ದಯ್ಯ ಸಾರ್ ಬಂದು ಬಗ್ಗಿ ನೋಡಿದರು. ಅಕ್ಷರದ ಮೇಲೆ ಉಗುರಿಟ್ಟು ನೋಡಿ ಅವರು ಹೇಳಿದ್ದು ಹೀಗೆ: "ಅಕ್ಷರ ಮುಚ್ಚಬೇಕಾದ್ರೆ ಪೇಂಟರ್ ಮೊದಲು ಬ್ಲೇಡಲ್ಲಿ ಕೆರೀತಾನೆ ಕಣಮ್ಮ, ಎರಡು ನಿಮಿಷದ ಕೆಲಸ. ಇವನು ಕೆರೆದಿಲ್ಲ, ಮೇಲೆ ಹೊದಿಕೆ ಹೊದಿಸಿ ಮಲಗಿಸಿದ್ದಾನೆ. ಪೆದ್ದ ಮಾಡಿದ ಕೆಲಸ ಅಲ್ಲ ಇದು."

ಆಮೇಲೆ ನನ್ನ ಮುಖ ನೋಡಿ "ಯಾರದು?" ಎಂದರು. ನಮ್ಮ ತಾತನದು ಎಂದೆ. ಅವರು ಉಗುರಿನ ಧೂಳು ಒರೆಸಿಕೊಂಡರು. "ಕೆರೆದು ಪ್ರೈಮರ್ ಹೊಡೆದುಬಿಡು. ನಾವು ಬಣ್ಣ ಹಚ್ಚೋರು, ಪೊಲೀಸರಲ್ಲ" ಎಂದರು. ಆಗುವುದಿಲ್ಲ ಎಂದೆ. "ನಿನ್ನ ಈ ಆಗೋದಿಲ್ಲದಿಂದಾನೇ ಸ್ಕೂಲಿಂದ ಆಚೆ ಹಾಕಿರ್ಬೇಕು" ಎಂದು ಗೊಣಗಿಕೊಂಡು ಟೀ ಕುಡಿಯಲು ಹೋದರು. ಆದರೆ ಸ್ಪ್ರೇ ಗನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಹೋದರು. ಅವರು ಒಳ್ಳೆಯವರು.

ಅದಾದ ಮೇಲೆ ಬಾಗಿಲುಗಳ ಒಳಹಲಗೆ ಬಿಚ್ಚಿದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಬಣ್ಣ ಮುಗಿದ ಮೇಲೆ ಹಲಗೆ ಮುಚ್ಚುವ ಮೊದಲು ಪೇಂಟರ್ ಒಳಗಡೆ ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆಯುತ್ತಾನೆ. ಮಾಲೀಕನಿಗೆ ಕಾಣುವುದಿಲ್ಲ. ಎಷ್ಟೋ ವರ್ಷದ ನಂತರ ಬಿಚ್ಚುವ ಇನ್ನೊಬ್ಬ ಪೇಂಟರಿಗೆ ಮಾತ್ರ ಕಾಣುತ್ತದೆ. ಮೂರು ಬಾಗಿಲುಗಳಲ್ಲಿ ಏನೂ ಇರಲಿಲ್ಲ, ಬರೀ ಟ್ಯಾಕ್ಸಿಯ ಕಪ್ಪು.

ಶುಕ್ರವಾರ ನಿನ್ನ ಕೀಲಿ ತಂದು ಡಿಕ್ಕಿಗೆ ಹಾಕಿದೆ. ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಡಬೇಕಾಯಿತು. ಆಮೇಲೆ ತಿರುಗಿತು ಅಮ್ಮಾ, ನೆನ್ನೆ ತಾನೆ ಮುಚ್ಚಿದ ಹಾಗೆ.

ತೊಂಬತ್ತೊಂದರಲ್ಲಿ ನಿನಗೆ ಹದಿನೇಳು. ಪಿಯುಸಿಗೆ ಸೇರಿದ ವರ್ಷ. ತಾತ ಟ್ಯಾಕ್ಸಿ ಇಲ್ಲದೆ ನಡೆದುಕೊಂಡು ಮನೆಗೆ ಬಂದು, ಮುದುಕಿಯೊಬ್ಬಳ ಲಗೇಜನ್ನು ಮಹಡಿಯಲ್ಲಿಟ್ಟು ಇಳಿಯುವಷ್ಟರಲ್ಲಿ ಗಾಡಿ ಕದ್ದರು ಎಂದ. ಕೆಂಗೇರಿಯಲ್ಲಿ ಯಾರಿಗೋ ಮಾರಿ ಕುಡಿದ ಎಂದು ನೆಂಟರೆಲ್ಲ ಹೇಳಿದರು. ನೀನೂ ನಂಬಿದೆ. ಕಾಲೇಜು ಬಿಟ್ಟು ಹೊಲಿಗೆಗೆ ಸೇರಿದೆ. ನಿನ್ನಮ್ಮ, ಇಂದ್ರಮ್ಮಜ್ಜಿ, ಅದೇ ಕೊರಗಿನಲ್ಲಿ ತೀರಿಹೋದಳು. ಅಂದಿನಿಂದ ನೀನು ತಾತನ ಜೊತೆ ಒಂದು ಮಾತೂ ಆಡಿಲ್ಲ. ನನ್ನ ನಾಮಕರಣಕ್ಕೆ ಬಂದವನನ್ನು ಬಾಗಿಲಿನಿಂದಲೇ ಕಳಿಸಿದೆ. ನಾನು ಸ್ಕೂಲು ಬಿಟ್ಟ ದಿನ ನೀನು ಅತ್ತಿದ್ದು ನನಗಾಗಿ ಅಲ್ಲ ಎಂದು ಈಗ ತಿಳಿಯುತ್ತಿದೆ. ನಿನ್ನಿಂದ ಕಿತ್ತುಕೊಂಡದ್ದನ್ನು ನಾನು ನಾನಾಗಿಯೇ ಎಸೆದೆನಲ್ಲ.

ತಾತ ಕುಡಿಯುತ್ತಿದ್ದದ್ದು ನಿಜ, ಅವನೇ ಒಪ್ಪುತ್ತಾನೆ. ಆದರೆ ಮಾರಲಿಲ್ಲ. ತಾನೇ ಮಾರಿದ್ದರೆ ಮನೆಯಲ್ಲಿದ್ದ ಈ ಡಿಕ್ಕಿ ಕೀಲಿಯನ್ನೂ ಕೊಡುತ್ತಿದ್ದ. ಕೊಂಡವನೂ ಹೆಸರಿಗೆ ಪುಟ್ಟಿ ಮೆತ್ತಿ, ನಂಬರು ಬದಲಿಸಿ, ಬಣ್ಣ ಬಳಿದು ಮುಚ್ಚಿಡುವ ಅಗತ್ಯವಿರಲಿಲ್ಲ.

ಶನಿವಾರ ಬಸವಕುಮಾರ್ ಬಂದರು. ಯಜಮಾನರು ಒಳಗೆ ಹೋಗಿಬಿಟ್ಟರು, ನಾನೇ ಹೇಳಬೇಕಾಯಿತು. ಮುಚ್ಚುಮರೆಯಿಲ್ಲದೆ ಹೇಳಿದೆ. ಮೊದಲು ಸಿಟ್ಟಾದರು. "ಯಾರ ಹತ್ತಿರ ಏನ್ ಮಾತಾಡ್ತಿದೀಯ ಗೊತ್ತೇನಮ್ಮ? ನಾವು ಕಳ್ಳರಾ?" ಎಂದರು. ನಾನು ಡಿಕ್ಕಿ ಮುಚ್ಚಿ, ಕೀಲಿ ಅವರ ಕೈಗೆ ಕೊಟ್ಟೆ. ಅವರೇ ತಿರುಗಿಸಿದರು. ತೆರೆದರು, ಮುಚ್ಚಿದರು, ಮತ್ತೆ ತಿರುಗಿಸಿದರು. ಐವತ್ತು ದಾಟಿದ ಮನುಷ್ಯ, ಪ್ರೈಮರ್ ಡಬ್ಬದ ಮೇಲೆ ಕೂತುಬಿಟ್ಟರು. ಬಿಳಿ ಪ್ಯಾಂಟಿಗೆ ಬಣ್ಣ ಹತ್ತಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ಆರ್.ಸಿ. ಬುಕ್ಕು ಡೂಪ್ಲಿಕೇಟು, ತೊಂಬತ್ತೆರಡರದ್ದು. ಹಳೇದು ಕಳೆದುಹೋಯ್ತು ಅಂತಿದ್ರು ನಮ್ಮಪ್ಪ. ಷೋರೂಮ್ ಕಥೆ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ?" ಎಂದರು. ನನಗೆ ಅಲ್ಲ, ಕಾರಿಗೆ ಹೇಳಿದ ಹಾಗಿತ್ತು. ಅವರಪ್ಪ ತಿಳಿದೇ ಕೊಂಡರೋ, ಬ್ರೋಕರ್ ಮಾತು ನಂಬಿ ಕೊಂಡರೋ ಹೇಳಲು ಅವರೀಗ ಬದುಕಿಲ್ಲ. ಹೋಗುವಾಗ ಹೇಳಿದರು: "ನಿಮ್ಮಮ್ಮ ಬಂದು ನೋಡಲಿ. ಅಲ್ಲೀವರೆಗೂ ಒಂದು ಕೋಟೂ ಹೊಡೀಬೇಡ. ಆಮೇಲೆ ಏನು ಅಂತ ನಂಗೂ ಗೊತ್ತಿಲ್ಲ."

ಭಾನುವಾರ ಸಂಜೆ ಬಾಪೂಜಿ ನಗರಕ್ಕೆ ಹೋದೆ. ಹಿಟ್ಟಿನ ಗಿರಣಿಯ ಹಿಂದೆ ತಾತನ ಒಂದೇ ಕೋಣೆ. ಗೋಡೆ, ದಿಂಬು, ತಾತನ ಹುಬ್ಬು, ಎಲ್ಲದರ ಮೇಲೂ ಸಣ್ಣಗೆ ಹಿಟ್ಟು. ಎಂಬತ್ತಮೂರು ಈಗ. ಎದ್ದು ಕೂರಲು ನಾನು ಬೆನ್ನು ಹಿಡಿಯಬೇಕು. ಗಡ್ಡ ಮಾತ್ರ ನೀಟಾಗಿ ಕೆರೆದಿತ್ತು. ಯಾರು ಮಾಡಿದ್ದು ಎಂದರೆ, "ನಿಮ್ಮಪ್ಪ. ಎಷ್ಟೋ ವರ್ಷದಿಂದ ಭಾನುವಾರ ತಪ್ಪಿಸಲ್ಲ ಅವ್ನು. ನಿಮ್ಮಮ್ಮಂಗೆ ಹೇಳ್ಬೇಡ" ಎಂದ. ಭಾನುವಾರ ಅಪ್ಪ ಮಾರ್ಕೆಟ್ಟಿನಿಂದ ಬಾಡಿದ ಸೊಪ್ಪು ಯಾಕೆ ತರುತ್ತಾನೆ ಎಂದು ನೀನು ಬೈಯುತ್ತೀಯಲ್ಲ, ಇದೇ ಕಾರಣ.

ಮೊಬೈಲಿನಲ್ಲಿ ಫೋಟೋ ತೋರಿಸಿದೆ. ತಾತ ಅದನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದ. ಹೆಬ್ಬೆರಳಿನಿಂದ ಕಮಲವನ್ನು ಸವರಿದ. ಚಿತ್ರ ಸರಿದುಹೋಗಿ ರೇವಣಸಿದ್ದಯ್ಯ ಸಾರ್ ಬೋಂಡಾ ತಿನ್ನುವ ಫೋಟೋ ಬಂತು. ಗಾಬರಿಯಾಗಿ "ಹೋಯ್ತು, ಮತ್ತೆ ಹೋಯ್ತು" ಎಂದ. ವಾಪಸ್ ತಂದು ಕೊಟ್ಟೆ.

ಅವನು ಅಳುತ್ತಾನೆ ಎಂದುಕೊಂಡಿದ್ದೆ, ಅಳಲಿಲ್ಲ. ಯಾರು ಕದ್ದರು, ಎಲ್ಲಿತ್ತು, ಯಾವುದನ್ನೂ ಕೇಳಲಿಲ್ಲ. ಕೇಳಿದ್ದು ನಿನ್ನ ಬಗ್ಗೆ ಒಂದೇ ಮಾತು: "ವರ ನೋಡಿದ್ಲಾ?"

ಇನ್ನೂ ಇಲ್ಲ ಎಂದೆ. "ನೋಡಲಿ" ಎಂದು ಗೋಡೆ ಕಡೆ ತಿರುಗಿ ಮಲಗಿದ. ಪಕ್ಕದ ಮನೆಯ ಸುಮಾ ಹೇಳುತ್ತಾಳೆ, ಅವನು ಈಗ ದಿನಕ್ಕೆ ಅರ್ಧ ಲೋಟ ಗಂಜಿ ಕುಡಿದರೆ ಹೆಚ್ಚು.

ಅಮ್ಮಾ, ಸುತ್ತ ಉಜ್ಜಿದ ತಗಡು ಬರಿಮೈಯಲ್ಲಿದೆ. ಈ ಚಳಿ, ಈ ತುಂತುರಿನಲ್ಲಿ ಅದು ಹೆಚ್ಚು ದಿನ ತಡೆಯುವುದಿಲ್ಲ. ಇವತ್ತು ಬೆಳಿಗ್ಗೆಯೇ ಅಂಚಿನಲ್ಲಿ ತುಕ್ಕಿನ ಚುಕ್ಕೆ ಕಂಡಿದೆ. ಶನಿವಾರ ಪ್ರೈಮರ್ ಹೊಡೆಯಲೇಬೇಕು. ಅದಕ್ಕೆ ಮೊದಲು ಬಾ. ವಿಜಯನಗರದಿಂದ ಆಟೋ ಹಿಡಿದರೆ ಅರ್ಧ ಗಂಟೆ, ಕೊನೆಯ ರಸ್ತೆ ಮಾತ್ರ ಗುಂಡಿ. ಕೀಲಿ ತರಲು ಮರೆಯಬೇಡ. ಅವನ ಮೇಲೆ ಅಷ್ಟು ಸಿಟ್ಟಿದ್ದರೂ ಮೂವತ್ತನಾಲ್ಕು ವರ್ಷ ಅದನ್ನು ಬೀರುವಿನ ಕೀಲಿಯ ಜೊತೆ ಯಾಕೆ ಇಟ್ಟುಕೊಂಡೆ ಎಂದು ನಾನು ಕೇಳುವುದಿಲ್ಲ. ನೀನೇ ತಿರುಗಿಸು. ಆಮೇಲೆ ಇಬ್ಬರೂ ಬಾಪೂಜಿ ನಗರಕ್ಕೆ ಹೋಗೋಣ. ನೀನು ಏನೂ ಮಾತಾಡಬೇಕಿಲ್ಲ. ನೋಡಿದೆ ಎಂದರೆ ಸಾಕು.

ನಿನ್ನ ಮಾತು ಯಾವತ್ತೂ ಕೇಳದ,
ಕೀರ್ತನಾ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದು ಬರೆಯುತ್ತಿದ್ದೇನೆ. ಬಚ್ಚಿಡಬೇಕೆಂದಿದ್ದೆ, ಆಗಲಿಲ್ಲ. ಮೂರು ಬಾಗಿಲಲ್ಲಿ ಏನೂ ಇರಲಿಲ್ಲ ಎಂದೆ. ಕಾರಿಗೆ ನಾಲ್ಕು ಬಾಗಿಲು. ಡ್ರೈವರ್ ಬಾಗಿಲಿನ ಒಳಗೆ ಪೆನ್ಸಿಲಿನಲ್ಲಿ "ಮಹದೇವ್, 19-12-91" ಎಂದಿದೆ. ನನ್ನ ನೋಟ್‌ಪುಸ್ತಕಗಳ ಮೇಲೆಲ್ಲ ನನ್ನ ಹೆಸರು ಬರೆದುಕೊಟ್ಟ ಅಪ್ಪನ ಅಕ್ಷರ ನನಗೆ ಗುರುತು ಸಿಗದೇ ಇರುತ್ತದೆಯೇ? ಮರೂನ್ ಫಿಯೆಟ್ ಬಂದಿದೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ ದಿನ ಅವನು ಕೇಳಿದ್ದು ಒಂದೇ, "ಡಿಕ್ಕಿ ಕೆರೆದ್ರಾ?" ಎಂದು. ಅದು ಕದ್ದ ಕಾರೆಂದು ಅಪ್ಪನಿಗೆ ಅವತ್ತು ಬಣ್ಣ ಹೊಡೆಯುವಾಗಲೇ ಗೊತ್ತಿತ್ತೋ, ಎಂಟು ವರ್ಷದ ಮೇಲೆ ನಿನ್ನನ್ನು ಮದುವೆಯಾಗಲು ಬಂದಾಗ ಗೊತ್ತಾಯಿತೋ, ನಾನು ಕೇಳಿಲ್ಲ. ಅದನ್ನು ಕೇಳಬೇಕಾದವಳು ನೀನು. ನಿನ್ನ ಹೆಸರನ್ನು ಮುಚ್ಚಿದ್ದೂ ಅವನೇ, ಕೆರೆಯದೆ ಉಳಿಸಿದ್ದೂ ಅವನೇ. ಅವನನ್ನು ಕರೆದುಕೊಂಡು ಬರುತ್ತೀಯೋ, ಬಿಟ್ಟು ಬರುತ್ತೀಯೋ ನಿನ್ನಿಷ್ಟ. ಆ ಬಾಗಿಲಿನ ಹಲಗೆಯನ್ನು ನಾನಿನ್ನೂ ಮುಚ್ಚಿಲ್ಲ.