ಗಲಾಟೆ ಅಳೆದ ದಿನ

ಮೇ 14, ಮಂಗಳವಾರ

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಹುಟ್ಟಿಲ್ಲ. ಆದರೂ ಇವತ್ತಿನದು ಕೊರೆಯುತ್ತಿದೆ.

ಮುಚ್ಚಿದ ಹಾಲಿನ ಡೈರಿಯಲ್ಲಿ ಗಂಟೆಯೂ ಅಂಕವೂ ಇಲ್ಲದ ಶಾಲೆ ತೆರೆಯಬೇಕೆಂದು ಅಕ್ಕನ ಮಗಳು ಬೋಡಿಲ್ ಓಡಾಡುತ್ತಿದ್ದಾಳೆ. ಗಲಾಟೆಯಾಗುತ್ತದೆಂದು ಅಕ್ಕಪಕ್ಕದವರು ಪುರಸಭೆಗೆ ತಕರಾರು ಅರ್ಜಿ ಕೊಟ್ಟಿದ್ದಾರೆ. ಆ ಅರ್ಜಿಗೆ ಮೊದಲ ಸಹಿ ನನ್ನದೇ. ಮಧ್ಯಾಹ್ನದ ನಿದ್ದೆ ಬಿಡುವವನಲ್ಲ ನಾನು.

ಕೊನೆಗೆ ಪುರಸಭೆಯವರು ಒಂದು ದಾರಿ ಹೇಳಿದರು. ಮೂವತ್ತು ಮಕ್ಕಳು ಡೈರಿಯ ಹಿಂದೆ ಅರ್ಧ ಗಂಟೆ ಆಡಬೇಕು, ನಮ್ಮಲ್ಲೊಬ್ಬರು ಬೇಲಿಯ ಈಚೆ ಕೂತು ಕೇಳಬೇಕು. ಗಲಾಟೆ ಕೇಳಿಸದಿದ್ದರೆ ಶಾಲೆಗೆ ಅನುಮತಿ.

"ಕಾರ್ಲೊನೇ ಕೂರ್ಲಿ," ಎಂದು ನನ್ನತ್ತ ಕೈ ತೋರಿಸಿದ ಪಕ್ಕದ ಮನೆಯ ಐವಿನ್. "ಜವೆಗೋಧಿ ಹೊಲ್ದಲ್ಲಿ ಮೊಲ ಓಡಿದ್ರೂ ಕೇಳ್ಸುತ್ತೆ ಅಂತ ನಲವತ್ತು ವರ್ಷದಿಂದ ಕೊಚ್ಕೋತಾನಲ್ಲ."

"ಇದ್ದದ್ದು ಇದ್ದ ಹಾಗೆ ಹೇಳು ಮಾವ, ಸಾಕು," ಎಂದು ಬೋಡಿಲ್ ಪುರಸಭೆಯ ಕೋಣೆಯಲ್ಲಿ ಕಾಯಲು ಹೋದಳು. ಅವಳ ಮಗಳು ಅಸ್ಟಾ ಈಗಿನ ಶಾಲೆಗೆ ಸೇರಿದಾಗಿನಿಂದ ಮಾತನ್ನೇ ನಿಲ್ಲಿಸಿದ್ದಾಳೆ. ವರ್ಷವಾಯಿತು.

ಕಾಫಿ ಹಿಡಿದು ಕೂತೆ. ಗದ್ದಲವೋ ಗದ್ದಲ. ಅದರ ನಡುವೆ ಒಂದು ದನಿ: "ಅದು ನಂದು, ಕೊಡೋ ಕತ್ತೆ."

ಅಸ್ಟಾಳದು. ಕಾಫಿ ಕೈಯಲ್ಲೇ ಆರಿತು.

"ಏನ್ ಕೇಳ್ಸ್ತಪ್ಪಾ?" ಎಂದ ಐವಿನ್, ಅರ್ಧ ಗಂಟೆ ಮುಗಿದ ಮೇಲೆ ಅಕ್ಕಪಕ್ಕದವರ ಜೊತೆ ಬಂದು.

"ಏನಿಲ್ಲ. ನಿನ್ ಕೋಳಿಗಳದ್ದೇ ಗಲಾಟೆ."

"ಮುದುಕಂಗೆ ಕಿವಿ ಹೋಯ್ತು," ಎಂದು ಎಲ್ಲರೂ ನಕ್ಕರು. ನಗಲಿ. ಪುರಸಭೆಯ ಕಾಗದದಲ್ಲಿ 'ಏನೂ ಕೇಳಿಸಲಿಲ್ಲ' ಎಂದು ಬರೆದು ಸಹಿ ಹಾಕಿದೆ.

ಮಗಳು ಮಾತಾಡಿದ್ದು ಬೋಡಿಲ್‌ಗೆ ಗೊತ್ತಿಲ್ಲ. ಹೇಳಿದರೆ ಕುಣಿದಾಡುತ್ತಾಳೆ, ಆಮೇಲೆ ನನ್ನ ಆ ಸುಳ್ಳು ಕಾಗದ ಹರಿಯಲು ಅವಳೇ ಪುರಸಭೆಗೆ ಓಡುತ್ತಾಳೆ. ಅಷ್ಟು ನೇರ ಅವಳು. ಹೇಳದಿದ್ದರೆ, ಅವಳು ವರ್ಷದಿಂದ ಕಾದಿದ್ದ ದನಿಯನ್ನು ನಾನೊಬ್ಬನೇ ಬಚ್ಚಿಟ್ಟುಕೊಂಡ ಹಾಗೆ.